ಅಜ್ಜನ ಗೇಣಿ ಗದ್ದೆಯಲ್ಲಿ ಅಪ್ಪನ ಪಾಲು: ಗೊತ್ತಿದ್ದವರು ದಯವಿಟ್ಟು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು. ಅಜ್ಜ ಎರಡೂವರೆ ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. 1972ರಲ್ಲಿ ತೀರಿಕೊಂಡರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಮನೆಗೆ ಹಿರಿಯರು ಅಂತ ದೊಡ್ಡಪ್ಪ ನಮೂನೆ 7 (ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿದರು. ಅಪ್ಪನಿಗೆ ಆಗ ಹದಿನಾರು ವರ್ಷ. ಎಲ್ಲರೂ ಒಂದೇ ಮನೆ, ಒಂದೇ ಒಲೆ. 1981ರಲ್ಲಿ ಭೂ ನ್ಯಾಯಮಂಡಳಿ ದೊಡ್ಡಪ್ಪನ ಹೆಸರಿಗೆ ಹಕ್ಕು ಕೊಟ್ಟಿತು. ಪಹಣಿಯಲ್ಲಿ ಇವತ್ತಿಗೂ ಅವರದೊಂದೇ ಹೆಸರು.

ದೊಡ್ಡಪ್ಪ ಇರುವವರೆಗೆ ಮಾತೇ ಬರಲಿಲ್ಲ. ಅರ್ಧ ಗದ್ದೆ ಅಪ್ಪನೇ ನಾಟಿ ಮಾಡಿಸುತ್ತಿದ್ದರು. ಹೋದ ವರ್ಷ ದೊಡ್ಡಪ್ಪ ಹೋದರು. ಈಗ ಅವರ ಮಕ್ಕಳು, ಅಂದರೆ ನನ್ನ ಅಣ್ಣಂದಿರು, ಪೌತಿ ಖಾತೆಗೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿದ್ದಾರೆ. "ಆದೇಶ ನಮ್ಮಪ್ಪನ ಹೆಸರಲ್ಲಿದೆ, ಚಿಕ್ಕಪ್ಪನಿಗೆ ಏನೂ ಇಲ್ಲ" ಅಂತಾರೆ. ಐವತ್ತು ವರ್ಷ ಕೆಸರಲ್ಲಿ ನಿಂತ ಅಪ್ಪ ಇದನ್ನು ಕೇಳಿ ಎರಡು ದಿನ ಊಟ ಬಿಟ್ಟರು.

ಕುಟುಂಬದ ಹಿರಿಯರ ಹೆಸರಿಗೆ ಬಂದ ಗೇಣಿ ಹಕ್ಕು ಇಡೀ ಅವಿಭಕ್ತ ಕುಟುಂಬಕ್ಕೆ ಸೇರುತ್ತದೆ ಅಂತ ಕೇಳಿದ್ದೇನೆ. ಅದನ್ನು ಸಾಬೀತು ಮಾಡಲು ಏನೇನು ದಾಖಲೆ ಬೇಕು? ಅಜ್ಜನ ಕಾಲದ ಪಹಣಿಯ ಗೇಣಿ ಕಾಲಂ, ಹಳೆ ಗೇಣಿ ಚೀಟಿ ಸಾಕಾಗುತ್ತಾ? ನ್ಯಾಯಮಂಡಳಿ ಕಡತದ ನಕಲಿಗೆ ಅರ್ಜಿ ಕೊಟ್ಟೆ, ಮೂರು ಸಲ ಅಲೆದರೂ ಸಿಕ್ಕಿಲ್ಲ. ಆ ಕಡತದಲ್ಲಿ ದೊಡ್ಡಪ್ಪನ ಹೇಳಿಕೆ ಇರುತ್ತದೆ ಅಲ್ವಾ, ಅದೇ ಮುಖ್ಯ ಅನ್ನಿಸುತ್ತದೆ. ಖಾತೆಗೆ ತಕರಾರು ಮೊದಲು ಹಾಕಬೇಕಾ, ಸಿವಿಲ್ ಕೋರ್ಟಿನಲ್ಲಿ ಪಾಲು ದಾವೆ ಮೊದಲಾ? ಇಂಥ ಕೇಸ್ ನಡೆಸಿದವರು ಇದ್ದರೆ ದಯವಿಟ್ಟು ಬರೆಯಿರಿ. ಅಣ್ಣಂದಿರ ಜೊತೆ ಜಗಳ ಬೇಡ, ಅಪ್ಪನ ಹೆಸರು ಪಹಣಿಯಲ್ಲಿ ಬಂದರೆ ಸಾಕು.