ಹತ್ತು ಡಿಗ್ರಿ ಏರಿದರೆ ಕ್ರಿಯಾವೇಗ ಇಮ್ಮಡಿಯಾಗುವುದೇಕೆ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಉಡುಪಿ):
ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂದು ಪಾಠದಲ್ಲಿದೆ. ಅಣುಗಳು ವೇಗವಾಗಿ ಚಲಿಸಿ ಹೆಚ್ಚು ಬಾರಿ ಡಿಕ್ಕಿ ಹೊಡೆಯುವುದೇ ಕಾರಣವೆಂದು ಹೇಳುವುದುಂಟು. ಆದರೆ ಲೆಕ್ಕ ಹಾಕಿದರೆ, 300 ಕೆಲ್ವಿನ್‌ನಿಂದ 310 ಕೆಲ್ವಿನ್‌ಗೆ ಏರಿದಾಗ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇಕಡಾ 1.6ರಷ್ಟು ಮಾತ್ರ. ಹಾಗಿದ್ದರೆ ಕ್ರಿಯಾವೇಗ ಇಮ್ಮಡಿಯಾಗುವುದು ಹೇಗೆ?

ಉತ್ತರ (ಉಪನ್ಯಾಸಕ, ಮಂಗಳೂರು):
ನಿಮ್ಮ ಲೆಕ್ಕ ಸರಿಯಾಗಿದೆ. ಕಾರಣ ಡಿಕ್ಕಿಗಳ ಸಂಖ್ಯೆಯಲ್ಲಿಲ್ಲ, ಅವುಗಳ ಬಲದಲ್ಲಿದೆ. ಹಳೆಯ ಬಂಧ ಸಡಿಲಗೊಂಡು ಹೊಸದು ಏರ್ಪಡಬೇಕಾದರೆ ಡಿಕ್ಕಿಯಲ್ಲಿ ಕನಿಷ್ಠ ಇಷ್ಟು ಶಕ್ತಿ ಇರಲೇಬೇಕು ಎಂಬ ಮಿತಿಯಿದ್ದು, ಅದನ್ನೇ ಸಕ್ರಿಯಣ ಶಕ್ತಿ ಎನ್ನುತ್ತೇವೆ. ಒಂದು ಕ್ರಿಯೆಗೆ ಅದು ಮೋಲ್‌ಗೆ 50 ಕಿಲೋಜೂಲ್ ಎಂದಿಟ್ಟುಕೊಳ್ಳಿ. ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್ 1889ರಲ್ಲಿ ಮಂಡಿಸಿದ, ಉಷ್ಣತೆಯೊಂದಿಗೆ ಕ್ರಿಯಾವೇಗ ಬದಲಾಗುವ ಬಗೆಯನ್ನು ತಿಳಿಸುವ ಸಮೀಕರಣದ ಘಾತಪದದಂತೆ, 300 ಕೆಲ್ವಿನ್‌ನಲ್ಲಿ ನೂರು ಕೋಟಿ ಡಿಕ್ಕಿಗಳ ಪೈಕಿ ಈ ಮಿತಿಯನ್ನು ದಾಟುವುದು ಸುಮಾರು ಎರಡೇ ಎರಡು. 310ರಲ್ಲಿ ಅದು ನಾಲ್ಕರ ಹತ್ತಿರಕ್ಕೆ ಬರುತ್ತದೆ. ಸರಾಸರಿ ಅಷ್ಟಾಗಿ ಬದಲಾಗದಿದ್ದರೂ, ಅತಿ ಹೆಚ್ಚು ಶಕ್ತಿಯುಳ್ಳ ಆ ಅಲ್ಪಸಂಖ್ಯಾತ ಅಣುಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದಲೇ ಕ್ರಿಯಾವೇಗವೂ ಹಾಗೆಯೇ ಏರುತ್ತದೆ.

ಉತ್ತರ (ಸಂಶೋಧನಾ ವಿದ್ಯಾರ್ಥಿ, ಮಣಿಪಾಲ):
ಮೇಲಿನ ವಿವರಣೆಗೆ ಒಂದು ಸೇರ್ಪಡೆ: ‘ಎರಡು ಪಟ್ಟು’ ಎಂಬುದು ನಿಯಮವಲ್ಲ. ಸಕ್ರಿಯಣ ಶಕ್ತಿ 100 ಕಿಲೋಜೂಲ್ ಇದ್ದರೆ ಅದೇ ಹತ್ತು ಡಿಗ್ರಿಗೆ ವೇಗ ಸುಮಾರು ಮೂರೂವರೆ ಪಟ್ಟಾಗುತ್ತದೆ. 50 ಕಿಲೋಜೂಲ್‌ನ ಕ್ರಿಯೆಯನ್ನೇ 500ರಿಂದ 510 ಕೆಲ್ವಿನ್‌ಗೆ ಏರಿಸಿದರೆ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ನೈಟ್ರಿಕ್ ಆಕ್ಸೈಡ್ ಆಮ್ಲಜನಕದೊಂದಿಗೆ ವರ್ತಿಸುವ ಕ್ರಿಯೆಯಂತೂ ಬಿಸಿಯಾದಷ್ಟೂ ನಿಧಾನವಾಗುತ್ತದೆ! ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲಾರರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಸಕ್ರಿಯಣ ಶಕ್ತಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿಯೇ ಕಂಡುಹಿಡಿಯಬಹುದೇ?

ಉತ್ತರ (ಉಪನ್ಯಾಸಕ, ಮಂಗಳೂರು):
ಖಂಡಿತ. ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಗಂಧಕ ಬಿಡುಗಡೆಯಾಗಿ ದ್ರಾವಣ ಬೆಳ್ಳಗಾಗುತ್ತದೆ. ಫ್ಲಾಸ್ಕಿನ ಅಡಿಯ ಕಾಗದದಲ್ಲಿ ಬರೆದ ಅಡ್ಡಗುರುತು ಕಾಣದಾಗಲು ಹಿಡಿಯುವ ಸಮಯವನ್ನು ನಾಲ್ಕೈದು ಉಷ್ಣತೆಗಳಲ್ಲಿ ಅಳೆದು, ಆ ಸಮಯದ ವಿಲೋಮದ ಸ್ವಾಭಾವಿಕ ಲಾಗರಿತಮ್ಮನ್ನು ಕೆಲ್ವಿನ್ ಉಷ್ಣತೆಯ ವಿಲೋಮದೆದುರು ನಕ್ಷೆಯಲ್ಲಿ ಗುರುತಿಸಿ. ಸರಳರೇಖೆಯ ಇಳಿಜಾರಿನ ಪರಿಮಾಣವನ್ನು ಅನಿಲ ಸ್ಥಿರಾಂಕವಾದ 8.314ರಿಂದ ಗುಣಿಸಿದರೆ ಸಕ್ರಿಯಣ ಶಕ್ತಿ ಮೋಲ್‌ಗೆ ಇಷ್ಟು ಜೂಲ್ ಎಂದು ದೊರೆಯುತ್ತದೆ. ಗಂಧಕದ ಡೈಆಕ್ಸೈಡ್ ಅನಿಲವೂ ಹೊರಬರುವುದರಿಂದ ತೀರಾ ಬಿಸಿ ಮಾಡದೆ, ಕಿಟಕಿ ತೆರೆದಿಟ್ಟುಕೊಳ್ಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೊಂದು ತೊಡಕಿದೆ: ಮಂಜುಗಡ್ಡೆಯ ನೀರಿನಿಂದ ತೆಗೆದ ಫ್ಲಾಸ್ಕಿನ ಹೊರಮೈ ಕ್ಷಣಾರ್ಧದಲ್ಲಿ ಬೆವರುವುದರಿಂದ ಗುರುತು ಬೇಗನೆ ಮರೆಯಾದಂತೆ ತೋರುತ್ತದೆ, ಆದ್ದರಿಂದ ತಳವನ್ನು ಒಣಬಟ್ಟೆಯಿಂದ ಒರೆಸುತ್ತಲೇ ಇರಬೇಕು.