ಹಳೇ ಬೀಟಲ್ಲೋ ಸೂಪರ್ ಬೀಟಲ್ಲೋ: ಪೆರ್ಲದ ಚಡಾವಿಗೆ ಯಾವುದು?

ಕಾಸರಗೋಡು ಜಿಲ್ಲೆಯ ಪೆರ್ಲದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನ ಹತ್ತಿರ ಎರಡು ಫೋಕ್ಸ್‌ವ್ಯಾಗನ್ ಬೀಟಲ್ ಉಂಟು. ಒಂದು 1968ರ 1500. ಇನ್ನೊಂದು 1973ರ 1303, ಅಂದರೆ ಸೂಪರ್ ಬೀಟಲ್. ಮಾವನಿಗೆ ಈಗ ಮಂಡಿನೋವು, ಕ್ಲಚ್ ಒತ್ತಲಿಕ್ಕೆ ಆಗುವುದಿಲ್ಲ. "ಒಂದನ್ನು ನೀನು ಇಟ್ಟುಕೋ, ಇನ್ನೊಂದನ್ನು ಕೊಟ್ಟುಬಿಡುತ್ತೇನೆ" ಅಂತ ಹೇಳಿದ್ದಾರೆ. ಎರಡೂ ಓಡುತ್ತವೆ. ನಮ್ಮ ಮನೆ ಮುಖ್ಯರಸ್ತೆಯಿಂದ ಒಂದೂವರೆ ಕಿ.ಮೀ. ಒಳಗೆ, ಕೊನೆಯ ಅರ್ಧ ಕಿ.ಮೀ. ಮುರಕಲ್ಲಿನ ಚಡಾವು. ವಾರಕ್ಕೊಮ್ಮೆ ಬದಿಯಡ್ಕ, ತಿಂಗಳಿಗೊಮ್ಮೆ ಮಂಗಳೂರು, ಅಷ್ಟೇ ಓಡಾಟ. ತೋಟದ ಪಂಪ್‌ಸೆಟ್ ಬಿಚ್ಚಿ ಜೋಡಿಸಿದ್ದೇನೆ, ಹಾಗಾಗಿ ಸ್ಪ್ಯಾನರ್ ಹಿಡಿಯಲು ಹೆದರಿಕೆ ಇಲ್ಲ. ಎರಡನ್ನೂ ಓಡಿಸಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಯಾವುದನ್ನು ಇಟ್ಟುಕೊಳ್ಳಲಿ?

ಬದಿಯಡ್ಕದಿಂದ:

ಭಾವ, ನನ್ನ ಹತ್ತಿರ ಎರಡೂ ಇತ್ತು, ಈಗ 1303 ಮಾತ್ರ ಉಂಟು. ಆದರೂ ನಿಮಗೆ 1968ರದ್ದನ್ನೇ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯಬೇಕಾಗುತ್ತದೆ, ಚಾ ಇಟ್ಟುಕೊಂಡು ಓದಿ.

ಸೂಪರ್ ಅಂದರೆ ಎಂಜಿನ್ ದೊಡ್ಡದು, ಬಾಕಿ ಎಲ್ಲ ಒಂದೇ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಎಂಜಿನ್ನಿನಲ್ಲಿ ಅಂಥ ವ್ಯತ್ಯಾಸ ಇಲ್ಲ ಮಾರಾಯ್ರೆ. 1500ರದ್ದು 44 ಕುದುರೆ, ಸೂಪರ್‌ನ 1600 ಎಂಜಿನ್ನಿನದ್ದು 50. ನಿಜವಾದ ವ್ಯತ್ಯಾಸ ಇರುವುದು ಮುಂದಿನ ಚಕ್ರಗಳ ಹತ್ತಿರ. ಹಳೆಯದರಲ್ಲಿ ಅಡ್ಡಕ್ಕೆ ಎರಡು ಕೊಳವೆ, ಅದರೊಳಗೆ ಪಟ್ಟಿಗಳ ಕಟ್ಟು. ಆ ಪಟ್ಟಿ ತಿರುಚಿಕೊಳ್ಳುವುದೇ ಸ್ಪ್ರಿಂಗ್. ಸೂಪರ್‌ನಲ್ಲಿ ಅದನ್ನೆಲ್ಲ ತೆಗೆದು ಈಗಿನ ಕಾರುಗಳಲ್ಲಿ ಇರುವ ಹಾಗೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗೆ ಇರುವ ನೆಟ್ಟಗಿನ ಕಂಬ, ಹಾಕಿದರು. ಕೊಳವೆ ಹೋದ ಕಾರಣ ಮುಂದೆ ಜಾಗ ಆಯಿತು, ಸ್ಟೆಪ್ನಿ ಅಡ್ಡ ಮಲಗಿತು, ಮುಂದಿರುವ ಡಿಕ್ಕಿ (ಎಂಜಿನ್ ಹಿಂದೆ ಅಲ್ವಾ) ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಚಕ್ರವೂ ಜಾಸ್ತಿ ತಿರುಗುತ್ತದೆ. ನನ್ನ ಅಂಗಳದಲ್ಲಿ ಹಳೆಯದನ್ನು ತಿರುಗಿಸಲು ಹಿಂದೆ ಮುಂದೆ ಮೂರು ಸಲ ಆಗುತ್ತಿತ್ತು. 1303 ಅಡಿಕೆ ಒಣಹಾಕಿದ ಜಾಗವನ್ನು ಬಿಟ್ಟು ಒಂದೇ ಸುತ್ತಿಗೆ ತಿರುಗುತ್ತದೆ.

ಓಡಿಸಲು ಯಾವುದು ಚಂದ ಅಂತ ಕೇಳಿದರೆ, ಸರಿ ಇದ್ದಾಗ 1303. "ಸರಿ ಇದ್ದಾಗ" ಅನ್ನುವುದನ್ನು ಎರಡು ಸಲ ಓದಿ. ನನ್ನದು ಉಪ್ಪಳ ದಾಟಿ ಹೈವೇಯಲ್ಲಿ 75-80ಕ್ಕೆ ಬಂತೆಂದರೆ ಸ್ಟಿಯರಿಂಗ್ ನಡುಗಲು ಶುರು. ನಡುಕ ಅಂದರೆ ಸುಮ್ನೆ ಅಲ್ಲ, ಡ್ಯಾಶ್‌ಬೋರ್ಡಿನ ಮೇಲಿಟ್ಟ ಕನ್ನಡಕ ಕೆಳಗೆ ಬೀಳುವಷ್ಟು. ಮಂಗಳೂರಿನ ಒಂದು ಅಂಗಡಿಯಲ್ಲಿ ಮೂರು ಸಲ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿ ಮೂರು ಸಲವೂ ದುಡ್ಡು ತೆಗೆದುಕೊಂಡರು. ನಡುಕ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ನಾನೇ ಜಾಕ್ ಹಾಕಿ ಕೆಳಗೆ ಮಲಗಿ, ಹೆಂಡತಿಗೆ ಸ್ಟಿಯರಿಂಗನ್ನು ಆಚೆ ಈಚೆ ಅಲ್ಲಾಡಿಸಲು ಹೇಳಿ ನೋಡಿದೆ. ಸ್ಟಿಯರಿಂಗ್ ಜೋಡಣೆಯ ಇನ್ನೊಂದು ತುದಿಯನ್ನು ಹಿಡಿಯುವ ತೋಳು, ಐಡ್ಲರ್ ಆರ್ಮ್ ಅಂತ, ಅದರ ಬುಷ್ ಸವೆದು, ಆರ್ಮು ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡುತ್ತಾ ಉಂಟು! ಹೆಬ್ಬೆರಳಿನಷ್ಟು ದಪ್ಪದ ಬುಷ್ ಅದು. ಅದರ ಜೊತೆ ಸ್ಟ್ರಟ್ ಮೇಲಿನ ರಬ್ಬರೂ ಕುಳಿತಿತ್ತು. ಎರಡೂ ಇಲ್ಲಿ ಸಿಗುವುದಿಲ್ಲ. ದುಬೈಯಿಂದ ಬಂದ ಗೆಳೆಯನ ಪೆಟ್ಟಿಗೆಯಲ್ಲಿ ಖರ್ಜೂರದ ನಡುವೆ ಬಂತು, ನಾಲ್ಕು ತಿಂಗಳು ಕಾದದ್ದಾಯಿತು. ಹಾಕಿದ ಮೇಲೆ ಈಗ ಬೆಣ್ಣೆ.

ಹಳೆಯದಕ್ಕೆ ಈ ರಗಳೆ ಕಡಿಮೆ. ಕೊಳವೆಯ ಮೇಲೆ ನಾಲ್ಕು ಗ್ರೀಸ್ ನಿಪ್ಪಲ್ ಉಂಟು. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಚಕ್ರ ನೆಲ ಬಿಟ್ಟು ಮೇಲಿರುವಾಗ ಗನ್ ಹಿಡಿದು ಹಳೇ ಗ್ರೀಸ್ ಹೊರಗೆ ಬರುವವರೆಗೆ ಒತ್ತಿದರೆ ಮುಗಿಯಿತು. ಪಂಪ್‌ಸೆಟ್ ಬಿಚ್ಚಿದವರಿಗೆ ಇದೇನು ಕಷ್ಟ?

ಎಂಜಿನ್ ಕೆಲಸ ಎರಡಕ್ಕೂ ಒಂದೇ. 5,000 ಕಿ.ಮೀ.ಗೆ ಎರಡೂವರೆ ಲೀಟರ್ ಎಣ್ಣೆ ಬದಲಿಸಬೇಕು. ಫಿಲ್ಟರ್ ಅಂತ ಇಲ್ಲ, ಕೆಳಗೆ ಒಂದು ಜಾಲರಿ ಮಾತ್ರ, ಅದನ್ನು ತೆಗೆದು ತೊಳೆಯಿರಿ. ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) 0.15 ಮಿ.ಮೀ., ಎಂಜಿನ್ ಪೂರ್ತಿ ತಣ್ಣಗಿರುವಾಗ. ನಾನು ಬೆಳಿಗ್ಗೆ ಕಾಫಿಗೆ ಮೊದಲೇ ಮಾಡುತ್ತೇನೆ. ಕವರಿನ ತಂತಿಯನ್ನು ಸ್ಕ್ರೂಡ್ರೈವರಿನಲ್ಲಿ ಕೆಳಗೆ ಮೀಟಿದರೆ ಟಪ್ ಅಂತ ಬಿಡುತ್ತದೆ, ನಾಲ್ಕು ಹನಿ ಎಣ್ಣೆ ಮೊಣಕೈಗೆ ಇಳಿಯುತ್ತದೆ. 13ರ ಸ್ಪ್ಯಾನರಿನಲ್ಲಿ ನಟ್ಟು ಸಡಿಲಿಸಿ ಸಂದು ಅಳೆಯುವ ಪಟ್ಟಿ ಗೇಜ್ ತೂರಿಸಿ. ಎಳೆಯುವಾಗ ಬೆಣ್ಣೆಕಾಗದದ ನಡುವಿನಿಂದ ಬಂದ ಹಾಗೆ ಸ್ವಲ್ಪ ಹಿಡಿಯಬೇಕು. ವಾಲ್ವ್ ಟಿಕ್ ಟಿಕ್ ಅಂದರೆ ಅಷ್ಟು ಹೆದರಬೇಡಿ. ಟಿಕ್ ಟಿಕ್ ಅನ್ನುತ್ತಿದ್ದದ್ದು ತಾನಾಗಿ ಮೌನ ಆದರೆ ಕೂಡಲೇ ನೋಡಿ. ಗ್ಯಾಪ್ ಮುಚ್ಚಿ ವಾಲ್ವ್ ಸುಡುವ ಮೊದಲು ಹೀಗೆಯೇ ಆಗುವುದು.

1968ರ ಎಂಜಿನ್ನಿನಲ್ಲಿ ಮೂರನೇ ಸಿಲಿಂಡರಿನ ಮೇಲೆ ಒಂದು ಕಣ್ಣು ಇರಲಿ. ಅದರಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನ ಒಳಗೇ ನಿಂತಿದೆ. ಹಾಗಾಗಿ ಮೂರನೆಯದಕ್ಕೆ ಬರುವ ಗಾಳಿ ಆಗಲೇ ಬಿಸಿಯಾಗಿರುತ್ತದೆ. 1971ರ ಮಾಡೆಲಿನಿಂದ ಕೂಲರನ್ನು ಬೇರೆಯೇ ಗೂಡಿಗೆ ಹಾಕಿದರು, 1303ರಲ್ಲಿ ಇರುವುದು ಅದೇ. ನಮ್ಮ ಏಪ್ರಿಲ್ ಬಿಸಿಲಿಗೆ ಇದೊಂದು ವಿಷಯದಲ್ಲಿ 1303 ನಿಜವಾಗಿ ಮೇಲು, ಒಪ್ಪುತ್ತೇನೆ.

ಮುಳ್ಳೇರಿಯದಿಂದ:

ಮೇಲಿನವರು ಎಲ್ಲ ಸರಿಯಾಗಿ ಹೇಳಿದ್ದಾರೆ, ಆದರೆ ಹಿಂದಿನ ಚಕ್ರದ ವಿಷಯ ಬಿಟ್ಟೇಬಿಟ್ಟರಲ್ಲ! 1968ರ 1500 ಅಂದರೆ ಸ್ವಿಂಗ್ ಆಕ್ಸಲ್. ಆಕ್ಸಲ್ ಮಡಚುವುದು ಗೇರ್‌ಬಾಕ್ಸ್ ಹತ್ತಿರ ಮಾತ್ರ, ಚಕ್ರದ ಹತ್ತಿರ ಕೀಲು ಇಲ್ಲ. ಕೊಡೆಯ ಕಡ್ಡಿಗಳನ್ನು ನೆನಪು ಮಾಡಿಕೊಳ್ಳಿ. ಕಾರಿನ ಹಿಂಭಾಗ ಮೇಲೆದ್ದರೆ ಎರಡು ಚಕ್ರವೂ ಅದೇ ರೀತಿ ಒಳಗೆ ಮಡಚಿಕೊಳ್ಳುತ್ತವೆ. ತಿರುವಿಗೆ ಜೋರಾಗಿ ನುಗ್ಗಿ ಮಧ್ಯದಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರೋ, ಹಿಂಭಾಗ ನಿಮಗಿಂತ ಮೊದಲು ಮನೆಗೆ ಹೋಗುತ್ತದೆ. ನಾನು ಚೆರ್ಕಳ–ಕಲ್ಲಡ್ಕ ರಸ್ತೆಯ ಒಂದು ತಿರುವಿನಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತದ್ದುಂಟು. ಎದುರಿನಿಂದ ಬಸ್ಸು ಬರಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. 1303ಕ್ಕೆ ಹಿಂದೆ ಎರಡೂ ಕಡೆ ಕೀಲು ಉಂಟು, ಆ ಭಯ ತುಂಬ ಕಡಿಮೆ.

ಆದರೆ ತಪ್ಪು ಪೂರ್ತಿ ಕಾರಿನದ್ದಲ್ಲ. ಅದರ ಹಿಂದಿನ ದಿನ ಪೆಟ್ರೋಲ್ ಬಂಕಿನ ಹುಡುಗ ನಾಲ್ಕೂ ಚಕ್ರಕ್ಕೆ 32 ಗಾಳಿ ಹಾಕಿದ್ದ, ನಾನು ನೋಡಿರಲಿಲ್ಲ. ರೇಡಿಯಲ್ ಟಯರಿಗೆ ಮುಂದೆ 18, ಹಿಂದೆ 27, ಅಷ್ಟೇ. 18 ಅಂದರೆ ಬಂಕಿನವರು ನಗುತ್ತಾರೆ, ನಗಲಿ. ಸ್ವಂತ ಗೇಜ್ ಒಂದು ಇಟ್ಟುಕೊಳ್ಳಿ. ಎಂಜಿನ್ ಹಿಂದೆ ಇರುವ ಕಾರಿಗೆ ನಾಲ್ಕೂ ಕಡೆ ಒಂದೇ ಗಾಳಿ ಹಾಕಬಾರದು.

ಚಡಾವಿನ ಬಗ್ಗೆ ಚಿಂತೆ ಬೇಡ. ಭಾರ ಎಲ್ಲ ಹಿಂದಿನ ಚಕ್ರದ ಮೇಲೆ ಇರುವ ಕಾರಣ ಒದ್ದೆ ಮುರಕಲ್ಲಿನಲ್ಲೂ ಎರಡೂ ಹತ್ತುತ್ತವೆ. ಹೊಸ ಕಾರುಗಳು ಚಕ್ರ ತಿರುಗಿಸಿ ಕೆಸರು ಹಾರಿಸುವ ಜಾಗದಲ್ಲಿ ನನ್ನದು ಸೆಕೆಂಡ್ ಗೇರಿನಲ್ಲಿ ಗುರ್ ಅಂತ ಹೋಗುತ್ತದೆ.

ಕುಂಬಳೆಯಿಂದ:

ನಾನು ಡ್ರೈವಿಂಗ್ ಕಲಿತದ್ದೇ ಅಪ್ಪನ ಬೀಟಲ್‌ನಲ್ಲಿ, ಈಗ ಓಡಿಸುವುದು ನಾನೇ. ನಮ್ಮದು ಸಮುದ್ರದ ಹತ್ತಿರ, ಹಾಗಾಗಿ ನನಗೆ ಸ್ಟಿಯರಿಂಗ್, ಆಕ್ಸಲ್ ಎಲ್ಲ ಆಮೇಲೆ, ತುಕ್ಕು ಮೊದಲು. ಅಣ್ಣ, ಎರಡೂ ಕಾರಿನ ಹಿಂದಿನ ಸೀಟ್ ಎತ್ತಿ ನೋಡಿ. ಬ್ಯಾಟರಿ ಅಲ್ಲೇ ಬಲಕ್ಕೆ ಕೂತಿರುತ್ತದೆ, ಅದರ ಅಡಿಯ ತಗಡು ಆಸಿಡ್ ಬಿದ್ದು ಮೊದಲು ಹೋಗುತ್ತದೆ. ಆಮೇಲೆ ಬಾಗಿಲಿನ ಕೆಳಗೆ ಎರಡೂ ಬದಿ ಉದ್ದಕ್ಕೆ ಇರುವ ಹೀಟರ್ ಚಾನೆಲ್. ಅದರಲ್ಲಿ ಬಿಸಿಗಾಳಿ ಹೋಗುವುದು ಮಾತ್ರ ಅಲ್ಲ, ಬಾಡಿಗೆ ಗಟ್ಟಿ ಕೊಡುವುದೂ ಅದೇ. ನಮಗಿಲ್ಲಿ ಹೀಟರ್ ಯಾರಿಗೆ ಬೇಕು, ಆದರೆ ಚಾನೆಲ್ ಬೇಕೇ ಬೇಕು. 1303ರಲ್ಲಿ ಜಾಸ್ತಿ ಒಂದು ಜಾಗ ಉಂಟು. ಮುಂದಿನ ಡಿಕ್ಕಿ ತೆಗೆದು ಸ್ಟ್ರಟ್ ಮೇಲೆ ಬಂದು ಕೂರುವ ಗುಂಬವನ್ನು ಬೆರಳಿನಲ್ಲಿ ಒತ್ತಿ. ಅಲ್ಲಿ ತುಕ್ಕು ಇದ್ದರೆ ಕಾರು ಬೇಡ. 1303ರ ಮುಂದಿನ ಉಬ್ಬು ಗಾಜು 1303ಕ್ಕೆ ಮಾತ್ರ ಕೂರುವುದು, ಒಡೆದರೆ ಹುಡುಕಿ ಸಾಕಾಗುತ್ತದೆ.

ಇನ್ನೊಂದು, ಪೆಟ್ರೋಲ್ ಪೈಪು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ನಿಲ್ಲುವುದಿಲ್ಲ. ಎಂಜಿನ್ ಹತ್ತಿರ ಪೈಪು ಬಿರುಕು ಬಿಟ್ಟರೆ ಬಿಸಿ ಲೋಹದ ಮೇಲೇ ಸೋರುವುದು. ನಾವು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಅಗ್ಗಕ್ಕೆ ಪೆಟ್ರೋಲ್ ಹಾಕಿ ಉಳಿಸಿದ ದುಡ್ಡಿನಲ್ಲೇ ಒಳ್ಳೆಯ ಪೈಪು, ಕ್ಲಿಪ್ಪು, ಬೆಂಕಿ ಆರಿಸುವ ಸಿಲಿಂಡರ್ ತಂದೆವು ಅಂತ ಅಪ್ಪ ಹೇಳುತ್ತಾರೆ. ಲೆಕ್ಕ ಸರಿಯಾ ಗೊತ್ತಿಲ್ಲ :)

ಕೆಂಪು ದೀಪದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಡೈನಮೋ ತಿರುಗಿಸುವ ಬೆಲ್ಟೇ ಎಂಜಿನ್ ತಣಿಸುವ ಫ್ಯಾನನ್ನೂ ತಿರುಗಿಸುವುದು. ಅದು ತುಂಡಾದರೆ ಚಾರ್ಜಿಂಗ್ ದೀಪ ಹತ್ತುತ್ತದೆ. ಬೇರೆ ಕೆಲವು ಕಾರಿನಲ್ಲಿ ಆ ದೀಪ ಹತ್ತಿದರೆ ಮನೆ ತನಕ ಹೋಗಲಿಕ್ಕೆ ಆಗಬಹುದು, ಇದರಲ್ಲಿ ಅಲ್ಲೇ ನಿಲ್ಲಿಸಬೇಕು. ಬಿಸಿ ತೋರಿಸುವ ಮುಳ್ಳು ಇದಕ್ಕೆ ಇಲ್ಲ. ಡಿಕ್ಕಿಯಲ್ಲಿ ಒಂದು ಬೆಲ್ಟ್, ಪುಲ್ಲಿಯ ನಟ್ಟಿಗೆ 21ರ ಸ್ಪ್ಯಾನರ್ ಯಾವಾಗಲೂ ಇರಲಿ.

ಮಂಜೇಶ್ವರದಿಂದ:

ಕಾಗದಪತ್ರದ್ದು ಚುಟುಕಾಗಿ. ಎರಡೂ 50 ವರ್ಷ ದಾಟಿದ ಕಾರು. 2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಬಂತು, ವಿಎ ಅಂತ ಇರುವ ನಂಬರ್ ಸಿಗುತ್ತದೆ. ಚಂದ ಕಾಣುತ್ತದೆ ನಿಜ, ಆದರೆ ಆ ನಂಬರ್ ಹಾಕಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾರ ವಾರ ಬದಿಯಡ್ಕಕ್ಕೆ ಹೋಗುವ ನಿಮಗೆ ಅದು ಬೇಡ. ಈಗಿರುವ ಆರ್‌ಸಿ ಯಾವ ತಾರೀಕಿನವರೆಗೆ ಉಂಟು ಅಂತ ಮೊದಲು ನೋಡಿ.

ಪೆರ್ಲದಿಂದ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಭಾನುವಾರ ಮಾವನಲ್ಲಿಗೆ ಹೋಗಿ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. 1303ರ ಸ್ಟ್ರಟ್ ಗುಂಬ ಗಟ್ಟಿ ಉಂಟು, ಐಡ್ಲರ್ ಅಲ್ಲಾಡುತ್ತದೆ. 1968ರದ್ದರಲ್ಲಿ ಬ್ಯಾಟರಿ ಅಡಿಯಲ್ಲಿ ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಸೀದಾ ಆಚೆ ಹೋಯಿತು, ನೆಲದಲ್ಲಿದ್ದ ಕೋಳಿ ಕಾಣುತ್ತಿತ್ತು. ಎಡದ ಚಾನೆಲ್ ಕೂಡ ಅಡಿಯಲ್ಲಿ ಪುಡಿ ಪುಡಿ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. "ನಿನಗೆ ಕಾರು ಕೊಡುತ್ತೇನೆ ಅಂದದ್ದು, ತೂತು ಮಾಡು ಅಂದದ್ದಲ್ಲ" ಅಂತ ಬೈದರು.

ಬದಿಯಡ್ಕದಿಂದ:

ಹಾಗಾದರೆ ನನ್ನ ಮಾತು ವಾಪಸ್, ಭಾವ. ಬುಷ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ, ಚಾನೆಲ್ ಬದಲಿಸುವುದು ಅಂದರೆ ಬಾಡಿ ಎತ್ತಿ ವರ್ಷಗಟ್ಟಲೆ ಟಿಂಕರಿಂಗ್. 1303 ಇಟ್ಟುಕೊಳ್ಳಿ. ನನ್ನ ಹತ್ತಿರ ಐಡ್ಲರ್ ಬುಷ್ ಒಂದು ಜಾಸ್ತಿ ಉಂಟು, ಆವತ್ತು ಹೆದರಿಕೆಯಲ್ಲಿ ಎರಡು ತರಿಸಿದ್ದೆ. ಮುಂದಿನ ವಾರ ಬದಿಯಡ್ಕಕ್ಕೆ ಬರುವಾಗ ತೆಗೆದುಕೊಂಡು ಹೋಗಿ. ಬರುವಾಗ 70 ದಾಟಬೇಡಿ.