ಲೇಆಫ್ ಆಗಿದೆ, ಎಚ್-1ಬಿ (ಅಮೆರಿಕದ ಕೆಲಸದ ವೀಸಾ) + ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ಡ್. ಕಂಪನಿ ಲಾಯರ್ ಸಾಕಾ, ನಮ್ಮದೇ ಲಾಯರ್ ಹಿಡೀಬೇಕಾ?

ಒಂಟಿಕೊಪ್ಪಲ್ ಹುಡುಗ

ಎಲ್ರಿಗೂ ನಮಸ್ಕಾರ. ಮೊನ್ನೆ ಜನವರಿ 12 ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಅಂತ ಲ್ಯಾಪ್‌ಟಾಪ್ ತೆಗೆದ್ರೆ ಪಾಸ್‌ವರ್ಡೇ ತಗೋತಿಲ್ಲ, ಐಟಿಯವ್ರ ನಂಬರ್ ಹುಡುಕ್ತಾ ಇದ್ದಾಗ ನನ್ನ ಜಿಮೇಲ್‌ಗೆ ಎಚ್‌ಆರ್ ಮೇಲ್ ಬಂತು. ಅಷ್ಟೇ, ಏಳು ವರ್ಷದ ಕೆಲಸ ಮುಗೀತು. ಜನವರಿ 31ರವರೆಗೆ ಪೇರೋಲ್‌ನಲ್ಲಿ ಇಟ್ಕೋತಾರಂತೆ, ಆಮೇಲೆ ಎಂಟು ವಾರದ ಸೆವರೆನ್ಸ್ (ಕೆಲಸದಿಂದ ತೆಗೆದಿದ್ದಕ್ಕೆ ಕೊಡೋ ದುಡ್ಡು) ಒಂದೇ ಸಲ.

ಡಾಲಸ್ ಹತ್ರ ಇದ್ದೀವಿ. ಎಚ್-1ಬಿ ಎಂಟನೇ ವರ್ಷ, ಇಬಿ-2 (ಗ್ರೀನ್ ಕಾರ್ಡ್ ಕೆಟಗರಿ), ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಕ್ಯೂಗೆ ಸೇರಿದ ದಿನ) 2019 ಅಕ್ಟೋಬರ್, ಐ-140 ಅಪ್ರೂವ್ ಆಗಿದ್ದು 2021. ಐ-94 (ಇಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನೋ ದಾಖಲೆ) 2027ರವರೆಗೆ ಇದೆ, ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟ್ಯಾಂಪ್ ಮಾತ್ರ ಯಾವತ್ತೋ ಮುಗಿದಿದೆ. ಹೆಂಡ್ತಿ ಎಚ್-4 ಇಎಡಿ (ಎಚ್-1ಬಿಯವ್ರ ಗಂಡ/ಹೆಂಡ್ತಿಗೆ ಸಿಗೋ ವರ್ಕ್ ಪರ್ಮಿಟ್) ಮೇಲೆ ಕೆಲಸ ಮಾಡ್ತಾಳೆ, ಮಗಳು ಎರಡನೇ ಕ್ಲಾಸು.

ಕೆಲಸ ಹೋದ್ಮೇಲೆ ಇಲ್ಲಿರೋಕೆ ಸಿಗೋ 60 ದಿನದ ಗ್ರೇಸ್ ಪೀರಿಯಡ್ ಯಾವತ್ತಿಂದ ಎಣಿಸ್ಬೇಕು ಅಂತ ಕಂಪನಿ ಲಾಯರಮ್ಮನ್ನ ಕೇಳಿದ್ರೆ ಎರಡು ಸಾಲಲ್ಲಿ ಏನೋ ಬರೆದು ಸಾಗಹಾಕಿದ್ರು. ಐ-140 ಕಾಪಿ ಕೇಳಿದ್ರೆ ಅದು ಕಂಪನಿ ಡಾಕ್ಯುಮೆಂಟ್ ಅಂತಾರೆ. ಹೊರಗಡೆ ಲಾಯರ್ ಅರ್ಧ ಗಂಟೆಗೆ 250 ಡಾಲರ್ ಕೇಳ್ತಿದಾರೆ, ಸಂಬಳ ಇಲ್ದಿರೋ ಟೈಮಲ್ಲಿ ಇದೊಂದು ಖರ್ಚು ಬೇಕಾ? ಫ್ರೆಂಡ್ ಒಬ್ಬ ಬೇರೆ "ಆರಾಮಾಗಿ ಊರಿಗೆ ಹೋಗಿರು, ಆಫರ್ ಸಿಕ್ಮೇಲೆ ಬಾ" ಅಂತಿದಾನೆ. ತಲೆ ಓಡ್ತಿಲ್ಲ.

ತೀರ್ಥಹಳ್ಳಿ ಮಳೆ

ಮೊದ್ಲು ಊರಿಗೆ ಹೋಗೋ ಮಾತು ಬಿಡಿ ಮಾರಾಯ್ರೆ. 2025 ಸೆಪ್ಟೆಂಬರ್ 21ರಿಂದ ದೇಶದ ಹೊರಗಿದ್ದು, ಕೈಯಲ್ಲಿ ವ್ಯಾಲಿಡ್ ಎಚ್-1ಬಿ ವೀಸಾ ಇಲ್ಲದೋರಿಗೆ ಹೊಸ ಪಿಟಿಷನ್ ಹಾಕಿದ್ರೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಆಗಿದೆಯಲ್ಲ. ನಿಮ್ಮ ಸ್ಟ್ಯಾಂಪ್ ಬೇರೆ ಮುಗಿದಿದೆ. ಯಾವ ಕಂಪನಿ ಅಷ್ಟು ಕೊಟ್ಟು ಕರೆಸ್ಕೊಳ್ಳುತ್ತೆ ಹೇಳಿ? ಇಲ್ಲೇ ಸ್ಟೇಟಸ್‌ನಲ್ಲಿ ಇದ್ದು ಎಚ್-1ಬಿ ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಆದ್ರೆ ಆ ದುಡ್ಡಿನ ಪ್ರಶ್ನೆ ಬರಲ್ಲ. ನಿಮ್ಮ ಫ್ರೆಂಡು ಹೇಳಿದ್ದು ಹಳೇ ಕಾಲದ ಬುದ್ಧಿವಾದ.

60 ದಿನದ ವಿಷಯ. ಸಾಮಾನ್ಯವಾಗಿ ಸಂಬಳ ಸಿಕ್ಕ ಕೊನೇ ದಿನದ ಮರುದಿನದಿಂದ ಲೆಕ್ಕ, ಅಂದ್ರೆ ನಿಮಗೆ ಏಪ್ರಿಲ್ 1ಕ್ಕೆ ಮುಗಿಯುತ್ತೆ. ಆದ್ರೆ ಕೆಲಸ ಮಾಡಿಸದೆ ಪೇರೋಲ್‌ನಲ್ಲಿ ಇಟ್ಟಿದ್ದು ಲೆಕ್ಕಕ್ಕೆ ಬರುತ್ತಾ ಅನ್ನೋದ್ರಲ್ಲಿ ಲಾಯರುಗಳಲ್ಲೇ ಒಬ್ಬೊಬ್ರದ್ದು ಒಂದೊಂದು ಮಾತು, ಜನವರಿ 12ರಿಂದ ಹಿಡಿದ್ರೆ ಮಾರ್ಚ್ 13ಕ್ಕೇ ಮುಗೀತು. ನಾನಾಗಿದ್ರೆ ಕ್ಯಾಲೆಂಡರ್‌ನಲ್ಲಿ ಮಾರ್ಚ್ 13ಕ್ಕೆ ಗುರುತು ಹಾಕಿ ಏಪ್ರಿಲ್ 1 ಅನ್ನೋದನ್ನ ಮರೆತುಬಿಡ್ತಿದ್ದೆ. ಸೆವರೆನ್ಸ್ ದುಡ್ಡಿಗೆ ದಿನ ಉದ್ದ ಆಗಲ್ಲ.

ಐ-140 ಬಗ್ಗೆ ಹೆದರಿಕೆ ಬೇಡ. ಅಪ್ರೂವ್ ಆಗಿ 180 ದಿನ ದಾಟಿದ್ಮೇಲೆ ಕಂಪನಿ ವಾಪಸ್ ತಗೊಂಡ್ರೂ ನಿಮ್ಮ 2019ರ ಡೇಟ್ ಎಲ್ಲೂ ಹೋಗಲ್ಲ, ಎಚ್-1ಬಿಗೆ ಆರು ವರ್ಷದ ಮೇಲೆ ಎಕ್ಸ್‌ಟೆನ್ಷನ್‌ಗೂ ಅದೇ ಸಾಕು. ಹೊಸ ಕಂಪನಿ ಪರ್ಮ್ (ಐ-140ಗೆ ಮುಂಚೆ ಬೇಕಾದ ಲೇಬರ್ ಡಿಪಾರ್ಟ್‌ಮೆಂಟ್ ಒಪ್ಪಿಗೆ), ಐ-140 ಮತ್ತೆ ಮೊದಲಿಂದ ಮಾಡಬೇಕು, ಅದು ಇದ್ದಿದ್ದೇ. ಕಾಪಿ ಸಿಗದಿದ್ರೆ ರಿಸೀಟ್ ನಂಬರ್ ಆದ್ರೂ ಹುಡುಕಿ, ಯುಎಸ್‌ಸಿಐಎಸ್‌ಗೆ (ಇಮಿಗ್ರೇಶನ್ ಇಲಾಖೆ) ಫೋಯಾ ರಿಕ್ವೆಸ್ಟ್ (ನಮ್ಮ ಆರ್‌ಟಿಐ ಥರದ್ದು) ಇವತ್ತೇ ಹಾಕಿಡಿ, ಬರೋಕೆ ಟೈಮ್ ಹಿಡಿಯುತ್ತೆ.

250 ಡಾಲರ್ ಕೊಡಿ. ನನ್ನ ಲೇಆಫ್ ಟೈಮಲ್ಲಿ ಕೊಟ್ಟಿದ್ದೆ, ಆ ವಕೀಲರು ನಮಸ್ಕಾರ ಅನ್ನೋಕೂ ಮುಂಚೆ ಕೇಳಿದ್ದು "ಐ-94 ಕೊನೇ ದಿನ ಯಾವುದು" ಅಂತ. ನಾನು ಪಿಟಿಷನ್ ಮೇಲಿನ ಡೇಟ್ ಓದಿ ಹೇಳ್ತಾ ಇದ್ದೆ, ಐ-94ಲ್ಲಿ ಪಾಸ್‌ಪೋರ್ಟ್ ಮುಗಿಯೋ ದಿನಾನೇ ಬಿದ್ದಿತ್ತು, ಐದು ತಿಂಗಳು ಮುಂಚೆ! ಗ್ರೇಸ್ ಪೀರಿಯಡ್ ಐ-94 ದಾಟಿ ಹೋಗಲ್ಲ ಅಂತ ನಂಗೆ ಗೊತ್ತಾಗಿದ್ದೇ ಅವತ್ತು.

ಧಾರವಾಡ ಫೇಡಾ

ನಾ ಕೆಲಸಾ ಕೊಡೋ ಕಡೆ ಇರಾಂವ್ರಿ, ಹದಿನಾಲ್ಕ ಮಂದಿ ಸಣ್ಣ ಕಂಪನಿ ನಮ್ದು, ಮೂರ ಮಂದಿ ಎಚ್-1ಬಿ ಮ್ಯಾಲ ಇದ್ದಾರ. ಲಾಯರ್ ಕಾಗದದ ಮ್ಯಾಲ ಕಂಪನಿಗೂ ನಿಮಗೂ ಇಬ್ಬರಿಗೂ ವಕೀಲರ ಇರಬಹುದು, ಆದ್ರ ಬಿಲ್ಲು ಕಟ್ಟಾಂವಾ ನಾ ಅಲ್ಲೇನ್ರಿ? ಎಲ್ಲಾ ಛಲೋ ಇದ್ದಾಗ ತಕರಾರಿಲ್ಲ. ಒಬ್ಬರನ್ನ ತಗದ ಮ್ಯಾಲ ನಿಮಗ ಬೇಕಾದ್ದು ಬ್ಯಾರೆ, ನನಗ ಬೇಕಾದ್ದು ಬ್ಯಾರೆ. ಆ ಲಾಯರಮ್ಮ ಎರಡ ಸಾಲಿಗೆ ಮುಗಿಸಿದ್ದು ಸೊಕ್ಕಿಂದಲ್ಲ, ಅಕಿ ಕೈ ಕಟ್ಟಿರ್ತದ.

ಇನ್ನೊಂದ ಮಾತು. 60 ದಿನ ಅಂದ್ರ 60 ಅಲ್ರಿ. ಹೊಸ ಕಂಪನಿ ಎಲ್‌ಸಿಎ (ಸಂಬಳ, ಕೆಲಸದ ಷರತ್ತಿನ ಅರ್ಜಿ) ಹಾಕಬೇಕು, ಲೇಬರ್ ಡಿಪಾರ್ಟ್‌ಮೆಂಟ್‌ನವರು ಅದಕ್ಕ ಏಳು ವರ್ಕಿಂಗ್ ಡೇ ತಗೋತಾರ, ನಮ್ಮಂಥ ಸಣ್ಣವರು ಮೊದಲನೇ ಸಲ ಹಾಕೋದಿದ್ರ ಟ್ಯಾಕ್ಸ್ ನಂಬರ್ ವೆರಿಫೈ ಅಂತ ಇನ್ನಷ್ಟು. ಅದೆಲ್ಲಾ ಆದ ಮ್ಯಾಲ ಪಿಟಿಷನ್ ಅಲ್ಲಿ ಹೋಗಿ ಮುಟ್ಟಬೇಕು. ಅಪ್ರೂವ್ ಆಗೂದು ಬ್ಯಾಡ, ಗಡುವಿನೊಳಗ ಮುಟ್ಟಿದ್ರ ಸಾಕು, ರಿಸೀಟ್ ಬಂದ ಮ್ಯಾಲ ಕೆಲಸಾ ಚಾಲೂ ಮಾಡಬಹುದು. ಹಂಗಾಗಿ ಫೆಬ್ರವರಿ ಕೊನೀ ಒಳಗ ಆಫರ್ ಕೈಯಾಗ ಇರಬೇಕು ಅಂತ ಇಟ್ಕೊಳ್ರಿ.

ಮತ್ತ ಹಳೇ ಕಂಪನಿ ನಿಮ್ಮನ್ನ ಎಚ್-1ಬಿ ಅವಧಿಗಿಂತ ಮೊದಲ ತಗದದ, ನೀವು ವಾಪಸ್ ಹೋಗೋದಾದ್ರ ನಿಮ್ಮ ಟಿಕೆಟ್ ಖರ್ಚು ಅವರದ. ಹೆಂಡ್ತಿ ಮಕ್ಕಳದ್ದಲ್ಲ, ನಿಮ್ಮದು ಅಷ್ಟ.

ಬನಶಂಕರಿ ಸೆಕೆಂಡ್ ಸ್ಟೇಜ್

ಗುರು ಒಂದು ಎಚ್ಚರಿಕೆ. ಇನ್ನೊಂದು ವಾರದಲ್ಲಿ ನಿನ್ನ ಲಿಂಕ್ಡ್‌ಇನ್‌ಗೆ ಕನ್ಸಲ್ಟೆನ್ಸಿಯವ್ರು ಸಾಲಾಗಿ ಬರ್ತಾರೆ, "ಪ್ರಾಜೆಕ್ಟ್ ಆಮೇಲೆ ನೋಡೋಣ ಈಗ ವೀಸಾ ಹಾಕ್ಬಿಡೋಣ, ಪೇರೋಲ್ ನೀವೇ ದುಡ್ಡು ಕೊಟ್ಟು ರನ್ ಮಾಡ್ಕೊಳಿ, ಪರ್ಮ್ ಖರ್ಚೂ ನಿಮ್ದೇ" ಅಂತ. ನನ್ನ ಕಸಿನ್ ಇದಕ್ಕೆ ಬಿದ್ದು, ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೊಡಿ ಅನ್ನೋ ನೋಟಿಸ್) ಬಂದಾಗ ತೋರಿಸೋಕೆ ಕೆಲಸಾನೇ ಇರ್ಲಿಲ್ಲ. ಪರ್ಮ್‌ಗೆ ಲಾಯರ್ ಫೀಸು ಕಂಪನೀನೇ ಕೊಡ್ಬೇಕು, 2007ರಿಂದ ರೂಲ್ ಇದೆ. ಪ್ರಾಜೆಕ್ಟ್ ಇಲ್ದೆ ಬೆಂಚ್ ಮೇಲಿದ್ರೂ ಸಂಬಳ ಕೊಡ್ಲೇಬೇಕು.

ಲಾಯರ್ ಹಿಡಿಯೋ ಮುಂಚೆ ಅವ್ರು ಯಾವ ಸ್ಟೇಟ್ ಬಾರ್‌ನಲ್ಲಿ ಇದಾರೆ ಅಂತ ಆ ಬಾರ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡು. ಟೆಕ್ಸಾಸ್‌ನವ್ರೇ ಆಗ್ಬೇಕಂತಿಲ್ಲ, ಇಮಿಗ್ರೇಶನ್ ಫೆಡರಲ್ ಕಾನೂನು, ಯಾವ ಸ್ಟೇಟ್ ಲೈಸೆನ್ಸ್ ಇದ್ರೂ ನಡಿಯುತ್ತೆ. "ಡಾಕ್ಯುಮೆಂಟ್ ಎಕ್ಸ್‌ಪರ್ಟ್" ಅಂತ ಬೋರ್ಡ್ ಹಾಕ್ಕೊಂಡೋರ ಹತ್ರ ಹೋಗ್ಬೇಡ.

ಒಂಟಿಕೊಪ್ಪಲ್ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಕಣ್ಣಲ್ಲಿ ನೀರು ಬಂತು ನಿಜ. ಐ-94 ಈಗ್ಲೇ ಡೌನ್‌ಲೋಡ್ ಮಾಡಿ ನೋಡ್ದೆ, 2027 ನವೆಂಬರೇ ಇದೆ ಸದ್ಯ. 2021ರ ವಾಟ್ಸಾಪ್ ಕೆದಕಿದ್ರೆ ಅವತ್ತು ಖುಷಿಗೆ ಹೆಂಡ್ತಿಗೆ ಕಳಿಸಿದ್ದ ಸ್ಕ್ರೀನ್‌ಶಾಟ್ ಸಿಕ್ತು, ಎಲ್‌ಐಎನ್ ಅಂತ ಶುರು ಆಗೋ ರಿಸೀಟ್ ನಂಬರ್ ಪೂರ್ತಿ ಕಾಣುತ್ತೆ! ಗುರುವಾರ 3 ಗಂಟೆಗೆ ಲಾಯರ್ ಕಾಲ್ ಬುಕ್ ಮಾಡ್ದೆ. ಮಾರ್ಚ್ 13ರೊಳಗೆ ಏನೂ ಆಗ್ಲಿಲ್ಲ ಅಂದ್ರೆ ಬಿ-2ಗೆ (ವಿಸಿಟರ್ ಸ್ಟೇಟಸ್) ಹಾಕೋದು ಓಕೆನಾ?

ತೀರ್ಥಹಳ್ಳಿ ಮಳೆ

ಹಾಕಬಹುದು, ಹೆಂಡ್ತಿ ಮಗಳನ್ನೂ ಅದೇ ಐ-539ಲ್ಲಿ (ಸ್ಟೇಟಸ್ ಬದಲಿಸೋ ಅರ್ಜಿ) ಸೇರಿಸಿ. ಆದ್ರೆ ಆಮೇಲೆ ಆಫರ್ ಬಂದ್ರೆ ರಿಸೀಟ್ ಮೇಲೆ ಕೆಲಸಕ್ಕೆ ಕೂರೋ ಹಾಗಿಲ್ಲ, ಅಪ್ರೂವಲ್ ತನಕ ಕಾಯಬೇಕು, ಯುಎಸ್‌ಸಿಐಎಸ್‌ನವ್ರು ಸ್ಟೇಟಸ್ ಚೇಂಜ್ ಕೊಡದೆ ಹೊರಗೆ ಹೋಗಿ ಬಾ ಅಂದ್ರೆ ಆ ಒಂದು ಲಕ್ಷದ ಬಾಗಿಲಿಗೇ ಹೋಗಿ ನಿಲ್ತೀರಿ. ಗುರುವಾರ ಮೊದಲನೇ ಪ್ರಶ್ನೆ ಇದನ್ನೇ ಕೇಳಿ, ಅರ್ಧ ಗಂಟೆ ಬೇಗ ಮುಗಿಯುತ್ತೆ.